ಹಗ್ಗ ಕೊಡುವ ಮೊದಲು ಕೇಳುವ ಮಾತು

ಕತ್ತಲಗೆರೆಯ ಕಸ್ತೂರಮ್ಮನವರ ಮನೆಯಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಲಗೇಜ್ ಆಟೋದಿಂದ ಇಳಿಸಿದ ಹತ್ತಿ ಹಿಂಜುವ ಯಂತ್ರ ತಾಡಪಾಲಿನ ಮೇಲೆ ಕೂತಿದೆ. ಪಕ್ಕದಲ್ಲಿ ಹೊಲಿಗೆ ಬಿಚ್ಚಿದ ಹಳೆಯ ಗಾದಿ, ಅದರೊಳಗಿಂದ ತೆಗೆದ ಗಂಟುಗಂಟಾದ ಹತ್ತಿ. ಚಮನ್‌ಸಾಬ್ ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಯಂತ್ರದ ಮುಂದೆ ನಿಂತಿದ್ದಾರೆ. ಎಲ್ಲ ತಯಾರಾಗಿದೆ, ಆದರೆ ಎಂಜಿನ್ನಿಗೆ ಸುತ್ತಿ ಎಳೆಯುವ ಹಗ್ಗ ಮಾತ್ರ ಅವರ ಹತ್ತಿರ ಇಲ್ಲ. ಅದು ಹೆಂಡತಿ ಜೈತುನ್‌ಬಿಯವರ ಎಲೆಅಡಿಕೆ ಚೀಲದಲ್ಲಿದೆ.

"ನಿದ್ದೆ ಆತಾ?" ಜೈತುನ್‌ಬಿ ಕೇಳುತ್ತಾರೆ.

"ಆತು. ನಡುವೆ ಒಂದ್ಸಲ ಎಚ್ಚರ ಆಗಿತ್ತು. ಎದ್ದು ಕಟ್ಟೆ ಮೇಲೆ ಕುಂತಿದ್ದೆ. ಆಮೇಲೆ ಹತ್ತಿತು ನೋಡು, ಕೋಳಿ ಕೂಗಿದ್ದೇ ಗೊತ್ತಾಗ್ಲಿಲ್ಲ."

ಜೈತುನ್‌ಬಿ ಗಂಡನ ಮುಖವನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವವರು ಹೀಗೆಯೇ ನೋಡುವುದು. ಹುಳುಕು ಕಾಣಲಿಲ್ಲವೆಂದು ತೋರುತ್ತದೆ, ಚೀಲದಿಂದ ಹಗ್ಗ ತೆಗೆದು ಕೊಡುತ್ತಾರೆ. ಎರಡನೇ ಎಳೆತಕ್ಕೆ ಎಂಜಿನ್ ಹತ್ತಿಕೊಳ್ಳುತ್ತದೆ. ಮೈತುಂಬ ಮೊಳೆ ಹೊಡೆದ ರೋಲರ್ ತಿರುಗಲು ಶುರುವಾಗಿ, ಈ ಕಡೆಯಿಂದ ಹೋದ ಗಂಟುಹತ್ತಿ ಆ ಕಡೆಯಿಂದ ನೊರೆನೊರೆಯಾಗಿ ಬಂದು ಬೀಳುತ್ತದೆ. ಮನೆಯೊಡತಿ ಕಸ್ತೂರಮ್ಮ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತು ನಗುತ್ತಾರೆ. "ನಮ್ಮನ್ಯಾಗೆ ಮಕ್ಕಳನ್ನ ಸ್ಕೂಲಿಗೆ ಕಳಿಸುವಾಗ ಹಲ್ಲು ಉಜ್ಜಿದ್ಯಾ ಅಂತ ಕೇಳ್ತಿದ್ವಿ. ಇವ್ರದ್ದು ಹಂಗೆ ನೋಡ್ರಿ," ಎನ್ನುತ್ತಾರೆ.

ಈ ವಿಚಾರಣೆ ಗಂಡ ಹೆಂಡಿರ ಸರಸವೆಂದು ತಿಳಿದವರು ಬಹಳ ಮಂದಿ. ಸರಸವೂ ಇದೆ, ಇಲ್ಲವೆನ್ನಲಾಗದು. ಆದರೆ ಈ ಪ್ರಶ್ನೆಯ ಹಿಂದೆ ಚಮನ್‌ಸಾಬರ ಬಲಗೈ ಇದೆ. ಟೀ ಲೋಟ ತೆಗೆದುಕೊಳ್ಳುವಾಗ ಗಮನಿಸಿದರೆ ಮೂರು ಬೆರಳುಗಳ ಮೇಲೆ ಚರ್ಮ ಸುಕ್ಕುಗಟ್ಟಿ ಮಿರಮಿರ ಹೊಳೆಯುವುದು ಕಾಣುತ್ತದೆ.

ಅವರ ಮನೆ ನ್ಯಾಮತಿಯಲ್ಲಿ. ಅಜ್ಜನ ಕಾಲದಿಂದಲೂ ಹತ್ತಿ ಹಿಂಜುವುದೇ ಕಸುಬು. ಅಜ್ಜ ಮತ್ತು ಅಪ್ಪ ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತುಕೊಂಡು ನಡೆದೇ ಊರೂರು ತಿರುಗಿದವರು. ಆ ಬಿಲ್ಲಿನ ತಂತಿಯ ಟಂಯ್ ಟಂಯ್ ಸದ್ದು ಕೇಳಿಯೇ ಹೆಂಗಸರು ಗಾದಿ ಹೊತ್ತು ಹೊರಗೆ ಬರುತ್ತಿದ್ದರಂತೆ. ಚಮನ್‌ಸಾಬರ ಕಾಲಕ್ಕೆ ಯಂತ್ರ ಬಂತು, ಆಮೇಲೆ ಆಟೋ ಬಂತು. ಅಂಗಡಿಯಲ್ಲಿ ಸ್ಪಂಜಿನ ಹಾಸಿಗೆಯೂ ಬಂತು. "ಇನ್ನು ಕಸುಬು ಮುಗೀತು ಅಂದ್ರು. ಸ್ಪಂಜು ತಂದೋರೇ ಬ್ಯಾಸಿಗಿ ಬಂದ್ರೆ ಬೆನ್ನು ಸುಡ್ತೈತೆ ಅಂತ ಮತ್ತೆ ಹತ್ತಿ ಗಾದಿಗೆ ಬಂದ್ರು. ನಮಗೇನು, ಅನ್ನಕ್ಕೆ ಮೋಸ ಆಗಿಲ್ಲ," ಎನ್ನುತ್ತಾರೆ ಅವರು.

ನಾಲ್ಕು ತಾಲ್ಲೂಕು ಅವರ ಹೊಲವಿದ್ದಂತೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಆ ಕಡೆ ಜಗಳೂರು. ಮಳೆಗಾಲದಲ್ಲಿ ಹತ್ತಿ ತೇವ ಎಳೆದುಕೊಳ್ಳುವುದರಿಂದ ಕೆಲಸ ಕಡಿಮೆ, ಮದುವೆ ಕಾಲದಲ್ಲಿ ಕೈಬಿಡುವಿಲ್ಲ. ದಿನಕ್ಕೆ ಮೂರು ಗಾದಿ ಆದರೆ ಒಳ್ಳೆಯ ದಿನ, ದಿಂಬುಗಳಿಗೆ ಲೆಕ್ಕವಿಲ್ಲ. ಸೂಳೆಕೆರೆ ಸುತ್ತಿನ ಊರುಗಳಿಗೆ ಹೋದಾಗ ಮಾತ್ರ ನಸುಕಿನಲ್ಲೇ ಶುರುಮಾಡಿ ಬಿಸಿಲೇರುವುದರೊಳಗೆ ಹಿಂಜುವುದನ್ನು ಮುಗಿಸಬೇಕು. ಹೊತ್ತೇರಿದರೆ ಕೆರೆಯ ಮೇಲಿಂದ ಗಾಳಿ ಎದ್ದು ಹಿಂಜಿದ ಹತ್ತಿಯನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಒಮ್ಮೆ ಹಾಗೆ ಹಾರಿದ ಹತ್ತಿ ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಕೂತು, ಆ ಓಣಿಗೆ ಎರಡು ವರ್ಷ ಕಾಲಿಡಲಾಗಲಿಲ್ಲವೆಂದು ಜೈತುನ್‌ಬಿ ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

ಯಂತ್ರ ನಿಂತ ಮೇಲೆ ಮಾತಿಗೆ ಬಿಡುವು. ಜೈತುನ್‌ಬಿ ಪಟ್ಟೆಪಟ್ಟೆ ಬಟ್ಟೆಯ ಹೊಸ ಚೀಲಕ್ಕೆ ಹತ್ತಿ ತುಂಬುತ್ತಾರೆ, ಚಮನ್‌ಸಾಬ್ ಕೋಲಿನಿಂದ ಬಡಿದು ಸಮ ಮಾಡುತ್ತಾರೆ. ಗಾದಿಯವರ ಹತ್ತಿರ ಜನ ಏನೇನು ಮಾತಾಡುತ್ತಾರೆಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತು.

"ನನಗೆ ನಿದ್ದೆ ಬರಲ್ಲ ಅಂತ ನೆಟ್ಟಗೆ ಯಾರೂ ಅನ್ನಲ್ರಿ," ಎನ್ನುತ್ತಾರೆ ಚಮನ್‌ಸಾಬ್. "ಗಾದಿ ಗಂಟಾಗೈತೆ ಅಂತಾರೆ. ದಿಂಬು ಎತ್ತರ ಆತು ಅಂತಾರೆ. ಮೈಯಾಗೆ ಉಷ್ಣ ಅಂತಾರೆ, ಪಿತ್ತ ಅಂತಾರೆ, ಗ್ಯಾಸ್ ಅಂತಾರೆ. ಒಬ್ರು ಯಜಮಾನ್ರು ಮನಿ ಬಾಗ್ಲು ದಿಕ್ಕು ಸರಿಯಿಲ್ಲ ಅಂತ ಬಾಗ್ಲನ್ನೇ ಕಿತ್ತು ಬ್ಯಾರೆ ಕಡಿಗೆ ಇಟ್ರು. ನಿದ್ದೆ ಇಲ್ಲ ಅಂದ್ರೆ ಮುಂದಿನೋರು ಏನು ಚಿಂತಿ, ಏನು ಪಾಪ ಮಾಡಿದ್ರಿ ಅಂತಾರಲ್ಲ, ಅದುಕ್ಕೆ."

ಹೀಗೆ ಆಡಿಕೊಳ್ಳುವ ಚಮನ್‌ಸಾಬ್ ತಾವೂ ಅದೇ ಸಾಲಿನಲ್ಲಿ ನಿಂತವರು. ನಾಲ್ಕು ವರ್ಷಗಳ ಹಿಂದೆ ಅವರ ತಾಯಿ ಕಾಯಿಲೆ ಬಿದ್ದರು. ರಾತ್ರಿ ಗಳಿಗೆಗೊಮ್ಮೆ ನೀರು ಕುಡಿಸಬೇಕು, ಮಗ್ಗುಲು ಬದಲಿಸಬೇಕು. ಹಗಲೆಲ್ಲ ದುಡಿದ ಹೆಂಡತಿ ಮಲಗಲೆಂದು ರಾತ್ರಿಯ ಸೇವೆಯನ್ನು ತಾವೇ ಹೊತ್ತುಕೊಂಡರು. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೆಯೇ ಕಳೆಯಿತು. ತಾಯಿ ತೀರಿಹೋದರು. ಬಂದವರೆಲ್ಲ, ಇನ್ನಾದರೂ ಕಣ್ತುಂಬ ನಿದ್ದೆ ಮಾಡಪ್ಪ ಎಂದು ಹೇಳಿ ಹೋದರು. ಆದರೆ ಕರೆಯುವವರು ಇಲ್ಲವಾದರೂ ಎಚ್ಚರವಾಗುವುದು ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಕೋಳಿನಿದ್ದೆ, ಅದೂ ತಟ್ಟನೆ ಹರಿದು ಹೋಗುವುದು, ಆಮೇಲೆ ಬೆಳಗಿನವರೆಗೆ ಹೊರಳಾಟ.

ಆಗ ಅವರು ಮಾಡಿದ ತಪ್ಪನ್ನು ಗಾದಿಯವನಲ್ಲದೆ ಬೇರೆ ಯಾರೂ ಮಾಡಲಾರರು. ತಮ್ಮ ಗಾದಿ ಸರಿಯಿಲ್ಲವೆಂದು ತೀರ್ಮಾನಿಸಿ, ಹೆಂಡತಿಗೂ ಅಷ್ಟನ್ನೇ ಹೇಳಿದರು. ಬಿಚ್ಚಿ ಹಿಂಜಿ ಮತ್ತೆ ತುಂಬಿದರು. ಆಗಲಿಲ್ಲ. ಹಳೇ ಹತ್ತಿ ತೆಗೆದು ಹೊಸ ಹತ್ತಿ ಹಾಕಿದರು. ಅದಕ್ಕೂ ನಿದ್ದೆ ಜಗ್ಗಲಿಲ್ಲ. ಕೊನೆಗೆ ದಿಂಬಿಗಷ್ಟೇ ಬಳಸುವ ಬೂರುಗದ ಹತ್ತಿಯನ್ನು ಗಾದಿಗೇ ತುಂಬಿ, ಮದುಮಕ್ಕಳಿಗೂ ಮಾಡಿಕೊಟ್ಟಿರದಷ್ಟು ದಪ್ಪನೆಯ ಮೆತ್ತನೆಯ ಗಾದಿ ಮಾಡಿಕೊಂಡರು. ತಪ್ಪಿದ ನಿದ್ದೆಯನ್ನು ತುಂಬಿಕೊಳ್ಳಬೇಕೆಂದು ದೀಪ ಹಚ್ಚುವ ಹೊತ್ತಿಗೇ ಹೋಗಿ ಅದರ ಮೇಲೆ ಒರಗಿಕೊಳ್ಳುವರು. ನೋಡಿದವರಿಗೆ ಪಾಳೇಗಾರನ ಸುಖ, ಒರಗಿದವರಿಗೆ ಮುಳ್ಳಿನ ಮೇಲೆ ಮಲಗಿದ ಹಾಗೆ.

"ಬೆಳಿಗ್ಗೆ ಇವ್ಳು ಮಲಗಿದ್ರಾ ಅಂತ ಕೇಳೋಳು. ಹೂಂ, ಮಲಗಿದ್ದೆ ಅನ್ನೋನು. ಸುಳ್ಳೇನಲ್ಲ, ಮಲಗೇ ಇದ್ದೆ!" ಎಂದು ಅವರು ನಗುತ್ತಾರೆ. ಜೈತುನ್‌ಬಿ ನಗುವುದಿಲ್ಲ. ದಾರ ಪೋಣಿಸಿದ ದಬ್ಬಳವನ್ನು ಗಾದಿಯಲ್ಲಿ ಚುಚ್ಚಿ, ಆ ಕಡೆಯಿಂದ ಜೋರಾಗಿ ಎಳೆಯುತ್ತಾರೆ.

ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕೆಂಪಕ್ಕ ಎಂಬ ಹಿರಿಯಾಕೆಯ ಮನೆ. ಕುರಿ ಸಾಕುವ ಕುಟುಂಬ. ಆ ಮನೆಯ ಅಂಗಳದಲ್ಲಿ ಒಂದು ಹಗಲು ಚಮನ್‌ಸಾಬ್ ರೋಲರಿಗೆ ಹತ್ತಿ ಊಡುತ್ತಿದ್ದರು. ಬಿಸಿಲಿಗೆ, ಎಂಜಿನ್ನಿನ ಒಂದೇ ಸಮನೆ ಸದ್ದಿಗೆ ಜೊಂಪು ಹತ್ತಿತು. ರಾತ್ರಿಯಿಡೀ ಕರೆದರೂ ಬಾರದ ನಿದ್ದೆ ಅಲ್ಲಿ, ಮೊಳೆಗಳ ಮುಂದೆ, ನಿಂತ ಕಾಲಲ್ಲೇ ಬಂದುಬಿಟ್ಟಿತು. ಹತ್ತಿಯ ಜೊತೆ ಅಂಗಿಯ ತೋಳೂ ಒಳಗೆ ಹೋಯಿತು. ತೋಳಿನ ಹಿಂದೆಯೇ ಕೈ.

ಜೈತುನ್‌ಬಿ ಕೂಗುತ್ತಾ ನಿಲ್ಲಲಿಲ್ಲ. ಹತ್ತಿ ಬಡಿಯುವ ಕೋಲು ತೂರಿಸಿ ಬೆಲ್ಟು ಕಳಚಿದರು. ರೋಲರ್ ನಿಂತಿತು. ಅಂಗಿಯ ಅರ್ಧ ತೋಳು ಮತ್ತು ಮೂರು ಬೆರಳುಗಳ ಚರ್ಮ ಹೋಯಿತು, ಬೆರಳು ಉಳಿದವು.

ಅರಿಶಿನ ತಂದ ಕೆಂಪಕ್ಕ ಕೈಯನ್ನು ಆಮೇಲೆ ನೋಡಿದರು, ಮೊದಲು ನೋಡಿದ್ದು ಕಣ್ಣನ್ನು. "ಸಾಬ್ರೆ, ನೀವು ನಿದ್ದೆ ಮಾಡಿ ಎಷ್ಟು ದಿನ ಆತು?" ಎಂದು ಕೇಳಿದರು. ರಾತ್ರಿಯೆಲ್ಲ ಹಟ್ಟಿ ಕಾಯುವವರ ಕಣ್ಣನ್ನು ಹುಟ್ಟಿದಾಗಿನಿಂದ ನೋಡಿದಾಕೆ ಅವರು, ಕಂಡದ್ದನ್ನು ಕೇಳಿದರು ಅಷ್ಟೆ.

"ನಾನು ಅಷ್ಟು ದೊಡ್ಡ ಗಂಡಸು, ಅವರ ಅಂಗಳದಾಗೆ ಕುಂತು ಅತ್ತೆ ನೋಡ್ರಿ," ಎನ್ನುತ್ತಾರೆ ಚಮನ್‌ಸಾಬ್. "ಕೈ ನೋವಿಗಲ್ಲ. ನಮ್ಮಮ್ಮ ಹೋದ ಮ್ಯಾಲೆ ಹಂಗೆ ಕೇಳಿದೋರೇ ಇಲ್ಲ. ಇಲ್ಲಕ್ಕ, ನಂಗೆ ನಿದ್ದೆನೇ ಇಲ್ಲ ಅಂತ ಅವತ್ತೇ ಮೊದ್ಲು ಬಾಯಾಗೆ ಬಂತು."

ಅಲ್ಲೇ ಪಕ್ಕದಲ್ಲಿದ್ದ ಜೈತುನ್‌ಬಿಗೂ ಅದು ಹೊಸ ಸುದ್ದಿ. ಒಂದೇ ಸೂರಿನಡಿ ಇದ್ದೂ ತಿಳಿಯಲಿಲ್ಲವಲ್ಲ ಎಂದು ಮೊದಲು ಸಂಕಟ ಬಂತು, ಹಿಂದೆಯೇ ಸಿಟ್ಟು ಬಂತು. ಎಂಜಿನ್ನಿನ ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡರು. "ನಿದ್ದೆ ಬರೋಮಟ ಈ ಹಗ್ಗ ಮುಟ್ಟಂಗಿಲ್ಲ," ಎಂದರು. ಹುಟ್ಟಿದಾಗಿನಿಂದ ಹತ್ತಿಯ ಮಧ್ಯೆಯೇ ಬೆಳೆದ ಗಂಡಸಿನ ಕೈಯಿಂದ ಕಸುಬನ್ನೇ ತೆಗೆದು ಚೀಲದಲ್ಲಿಟ್ಟುಕೊಂಡ ಹಾಗಾಯಿತು.

ಬೆರಳಿನ ಪಟ್ಟಿ ಬದಲಿಸಲು ಹೋದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಂತಲಾ ಇದ್ದರು. ಚಮನ್‌ಸಾಬ್ ಅಲ್ಲಿಯೂ ತಲೆಭಾರ, ಗ್ಯಾಸ್ ಎಂದು ಶುರುಮಾಡಿದ್ದರಂತೆ. ಜೈತುನ್‌ಬಿ ನಡುವೆ ಬಾಯಿಹಾಕಿ, "ನಿದ್ದೆ ಇಲ್ಲ ಅಂತ ಹೇಳ್ರಿ," ಎಂದು ಗದರಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಮಲಗಿದರೆ ನಿದ್ದೆ ಹತ್ತುವುದೇ ಇಲ್ಲವೋ, ಹತ್ತಿದ್ದು ನಡುವೆ ಹರಿಯುತ್ತದೋ, ಇಲ್ಲಾ ನಸುಕಿಗೆ ಬಹಳ ಮೊದಲೇ ಬಿಟ್ಟು ಹೋಗುತ್ತದೋ? ನಿದ್ದೆ ಇಲ್ಲ ಎಂಬುದರಲ್ಲಿ ಇಷ್ಟು ಬಗೆ ಇದೆಯೆಂದು ಚಮನ್‌ಸಾಬರಿಗೆ ಅಂದೇ ತಿಳಿದದ್ದು. ಗೊರಕೆ ಉಂಟೋ, ಉಸಿರು ಕಟ್ಟುವುದುಂಟೋ, ಹೊತ್ತು ಮುಳುಗಿದ ಮೇಲೆ ಎಷ್ಟು ಟೀ ಕುಡಿಯುತ್ತೀರಿ ಎಂದೂ ಕೇಳಿದರು. ಕೊನೆಗೆ, ಇದಕ್ಕೆ ನಿದ್ರಾಹೀನತೆ ಅನ್ನುತ್ತಾರೆ ಎಂದರು.

"ಅಷ್ಟು ಉದ್ದನೇ ಹೆಸರು ಕೇಳಿ ಆಪರೇಷನ್ನೇ ಇರ್ಬೇಕು ಅಂದ್ಕಂಡೆ," ಎನ್ನುತ್ತಾರೆ ಅವರು.

ಆಪರೇಷನ್ ಇರಲಿಲ್ಲ. ಕೆಲವೇ ದಿನಕ್ಕೆಂದು ಮಾತ್ರೆ ಇತ್ತು. ಅದಕ್ಕಿಂತ ಕಷ್ಟದ ಮದ್ದು ಇನ್ನೊಂದಿತ್ತು. ಬೂರುಗದ ಹತ್ತಿಯ ಗಾದಿಯ ಕತೆ ಕೇಳಿ ಡಾಕ್ಟರು ನಕ್ಕು, "ಗಾದಿ ಚೆನ್ನಾಗಿಯೇ ಇದೆ ಚಮನ್‌ಸಾಬ್. ನೀವು ಅದರ ಮೇಲೆ ನಿದ್ದೆ ಮಾಡ್ತಿಲ್ಲ, ನಿದ್ದೆಗೆ ಕಾಯ್ತಾ ಇದ್ದೀರಿ. ಗಾದಿ ಕಂಡ್ರೆ ಎಚ್ಚರ ಆಗೋದು ಮೈಗೆ ರೂಢಿಯಾಗಿಬಿಟ್ಟಿದೆ," ಎಂದರು. ತೂಕಡಿಕೆ ಬಂದ ಮೇಲಷ್ಟೇ ಗಾದಿಗೆ ಹೋಗಬೇಕು. ಹೋಗಿ ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಹತ್ತಲಿಲ್ಲವೋ, ಎದ್ದು ಬೇರೆ ಕಡೆ ಕೂರಬೇಕು. ಮತ್ತೆ ತೂಕಡಿಕೆ ಬಂದರೆ ಹೋಗಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಮಾತ್ರ ಒಂದೇ. ಹಗಲು ಒರಗುವಂತಿಲ್ಲ.

ಜೀವಮಾನವಿಡೀ ಗಾದಿ ಮಾಡಿದವನಿಗೆ ಗಾದಿ ಬಿಟ್ಟು ಏಳು ಎನ್ನುವ ಮದ್ದು! ಮೊದಲ ಒಂದೆರಡು ವಾರ ಮೊದಲಿಗಿಂತಲೂ ಕಷ್ಟವಾಯಿತು, ಡಾಕ್ಟರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೂ ಉಂಟು ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ಆ ಅಷ್ಟೂ ದಿನ ಯಂತ್ರದ ಮುಂದೆ ನಿಂತವರು ಜೈತುನ್‌ಬಿ. ಅಲ್ಲಿಯವರೆಗೆ ಹೊಲಿಗೆಯಷ್ಟೇ ಅವರ ಪಾಲಿಗಿತ್ತು. ಹಗ್ಗ ಸುತ್ತಿ ಎಳೆಯುವುದು, ಹತ್ತಿ ಊಡುವುದು, ಬೆಲ್ಟು ಬಿಗಿಯುವುದು ಎಲ್ಲವನ್ನೂ ಕಲಿತರು. ಹೆಂಗಸು ಎಂಜಿನ್ ಹಚ್ಚುವುದನ್ನು ನೋಡಲೆಂದೇ ಹೊನ್ನಾಳಿಯ ಒಂದು ಓಣಿಯಲ್ಲಿ ಜನ ಸೇರಿದ್ದರಂತೆ. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಚಮನ್‌ಸಾಬ್ ಎಡಗೈಯಲ್ಲಿ ಹತ್ತಿಯ ಕಸ ಆರಿಸುತ್ತಾ ಕೂತಿದ್ದರು.

"ಒಂದಿನಾನೂ ಆಡಿ ತೋರಿಸಲಿಲ್ರಿ ಅವ್ಳು. ಮನಿ ನಡೀತು, ಕಸುಬು ನಡೀತು. ಅವ್ಳ ಋಣ ನಾನು ಹೆಂಗೆ ತೀರಿಸ್ಲಿ?" ಎಂದು ಅವರು ಕೇಳುತ್ತಾರೆ. ಜೈತುನ್‌ಬಿ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರಂತೆ ಗಾದಿಯ ಅಂಚು ಹಿಡಿದು ಹೊಲಿಯುತ್ತಿರುತ್ತಾರೆ.

ನಿಧಾನವಾಗಿ ನಿದ್ದೆ ಮರಳಿತು. ಹೋದಷ್ಟು ಸುಲಭವಾಗಿ ಬರಲಿಲ್ಲ, ಈಗಲೂ ಆಗಾಗ ಕೈಕೊಡುತ್ತದೆ. ಆದರೆ ಹಗ್ಗ ಮರಳಿ ಚಮನ್‌ಸಾಬರ ಕೈಗೆ ಬಂತು. ಬಂದದ್ದು ಒಂದು ಕರಾರಿನ ಮೇಲೆ. ಹಗ್ಗ ಜೈತುನ್‌ಬಿಯವರ ಚೀಲದಲ್ಲೇ ಇರುತ್ತದೆ. ದಿನಾ ಬೆಳಿಗ್ಗೆ ಅವರು ಕೇಳುತ್ತಾರೆ, ಇವರು ನಿಜ ಹೇಳಬೇಕು.

ಅಂದಿನಿಂದ ಚಮನ್‌ಸಾಬರ ವ್ಯಾಪಾರದ ರೀತಿಯೂ ಬದಲಾಗಿದೆ. ಗಾದಿ ಬಿಚ್ಚುವ ಮೊದಲು ಅದರ ಮೇಲೆ ಅಂಗೈ ಆಡಿಸುತ್ತಾರೆ. ಗಂಟಿದ್ದರೆ ಸರಿ, ಕೆಲಸಕ್ಕೆ ಕೂರುತ್ತಾರೆ. ಹತ್ತಿ ಇನ್ನೂ ಹಗುರಾಗಿದ್ದು, ಯಜಮಾನರು ಮಾತ್ರ ಮಲಗಲಾಗುವುದಿಲ್ಲ ಎಂದು ಗೊಣಗಿದರೆ, ಡಾಕ್ಟರು ಕೇಳಿದ್ದನ್ನೇ ಕೇಳುತ್ತಾರೆ. ಹತ್ತಲ್ವೋ, ಹರೀತೈತೋ, ಬೇಗ ಬಿಡ್ತೈತೋ? ಆಮೇಲೆ ಒಂದೇ ಮಾತು: "ಇದು ನನ್ನ ಕೆಲ್ಸ ಅಲ್ಲ. ದವಾಖಾನಿಗೆ ಹೋಗ್ರಿ, ನಿದ್ದೆ ಇಲ್ಲ ಅಂತ್ಲೇ ಹೇಳ್ರಿ."

ಹೊನ್ನಾಳಿ ಕಡೆಯ ರೈತ ಮುರುಗೇಶಪ್ಪ ಹಾಗೆ ವಾಪಸ್ ಕಳಿಸಿಕೊಂಡವರಲ್ಲಿ ಒಬ್ಬರು. ವರ್ಷಗಟ್ಟಲೆ ರಾತ್ರಿ ಕರೆಂಟಿಗೆ ಎದ್ದು ಮೋಟರ್ ಹಾಕಿದವರು. ಈಗ ಮೊಬೈಲ್ ಒತ್ತಿದರೆ ಮೋಟರ್ ಶುರುವಾಗುತ್ತದೆ, ಆದರೂ ನಡುರಾತ್ರಿ ಎಚ್ಚರವಾಗುವುದು ತಪ್ಪಲಿಲ್ಲ. ಗಾದಿ ಬಿಚ್ಚಿ ಎಂದು ಹಠ ಹಿಡಿದರೆ ಸಾಬರು ಒಪ್ಪಲಿಲ್ಲ. "ಮನಿ ಬಾಗ್ಲಿಗೆ ಬಂದ ಕೆಲ್ಸ ಬ್ಯಾಡ ಅಂದೋನನ್ನ ಇವ್ನೊಬ್ಬನ್ನೇ ನೋಡಿದ್ದು. ಸಿಟ್ಟು ಬಂತು. ಸಿಟ್ಟಿನ್ಯಾಗೇ ಡಾಕ್ಟರ್ ಹತ್ರ ಹೋದೆ, ಒಳ್ಳೇದಾತು," ಎನ್ನುತ್ತಾರೆ ಅವರು. ಚಮನ್‌ಸಾಬ್ ಆ ಕಡೆ ಹೋದಾಗಲೆಲ್ಲ ಮುರುಗೇಶಪ್ಪನವರ ಮನೆಯ ಊಟ ತಪ್ಪುವುದಿಲ್ಲ.

ಕತ್ತಲಗೆರೆಯ ಕೆಲಸ ಮುಗಿಸಿದ ಆಟೋ ಮರುವಾರ ಬಿಳಿಚೋಡಿಗೆ ಬಂದು ನಿಂತಿದೆ. ಕೆಂಪಕ್ಕನ ಮೊಮ್ಮಗಳ ಮದುವೆ. ಹೆಣ್ಣಿನ ಜೊತೆ ಕಳಿಸಲು ಜೋಡಿ ಗಾದಿ, ದಿಂಬು ಆಗಬೇಕು. ಹೊತ್ತು ಮುಳುಗುವುದರೊಳಗೆ ಮುಗಿಯಲೇಬೇಕು, ನಾಳೆ ಬೆಳಿಗ್ಗೆ ಹೆಣ್ಣಿನ ದಿಬ್ಬಣ ಹೊರಡುತ್ತದೆ. ಪ್ರತಿವರ್ಷದಂತೆ ಚಮನ್‌ಸಾಬ್ ಕೆಂಪಕ್ಕನಿಗೆಂದು ಬೂರುಗದ ಹತ್ತಿಯ ಒಂದು ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿಯುತ್ತಾರೆ. ಅಂದು ಅವರು ಕೂತು ಅತ್ತಿದ್ದ ಅಂಗಳ ಇದೇ.

"ಇನ್ನೂ ಎಷ್ಟು ದಿಂಬು ಕೊಡ್ತೀಯೋ ಮಾರಾಯ? ನಂಗಿರೋದು ಒಂದೇ ತಲಿ," ಎಂದು ಕೆಂಪಕ್ಕ ಬೈಯುತ್ತಾರೆ. ಬೈಯುತ್ತಲೇ ದಿಂಬನ್ನು ಕೆನ್ನೆಗೆ ಒತ್ತಿಕೊಂಡು ಮೆತ್ತಗಿದೆಯೋ ಎಂದು ನೋಡುತ್ತಾರೆ.

ಅಂಗಳದ ತುಂಬಾ ನೆಂಟರು. ಯಂತ್ರ ಇಳಿಯಿತು, ತಾಡಪಾಲು ಹಾಸಿದ್ದಾಯಿತು, ಹತ್ತಿಯ ಮೂಟೆ ಬಿಚ್ಚಿದ್ದಾಯಿತು. ಯಾರೋ ಆಗಲೇ, ಬೇಗ ಶುರು ಮಾಡ್ರಿ ಸಾಬ್ರೆ ಎಂದು ಅವಸರ ಮಾಡುತ್ತಿದ್ದಾರೆ. ಜೈತುನ್‌ಬಿ ಚೀಲಕ್ಕೆ ಕೈಹಾಕಿ ಎಂದಿನಂತೆ ಕೇಳುತ್ತಾರೆ.

"ನಿದ್ದೆ ಆತಾ?"

ಚಮನ್‌ಸಾಬ್ ಸುತ್ತ ನಿಂತವರನ್ನು ನೋಡುತ್ತಾರೆ, ಹತ್ತಿಯ ಮೂಟೆ ನೋಡುತ್ತಾರೆ. ಹೂಂ ಎಂದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಅವರು ಮಡಚಿದ ಅಂಗಿಯ ತೋಳನ್ನು ಮತ್ತೆ ಕೆಳಗೆ ಬಿಡುತ್ತಾರೆ.

"ಇಲ್ಲ," ಎನ್ನುತ್ತಾರೆ, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ. "ರಾತ್ರಿ ಸರಿಯಾಗಿ ಹತ್ಲೇ ಇಲ್ಲ. ಇವತ್ತು ಮಷಿನ್ ನಂಗೆ ಬ್ಯಾಡ."

ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೆಂಪಕ್ಕ ಮಾತ್ರ ಕಂಬದ ನೆರಳಿಗೆ ಒಂದು ಚಾಪೆ ಹಾಸಿ, ದಬ್ಬಳ ಮತ್ತು ದಾರದ ಉಂಡೆಯನ್ನು ತಂದು ಅವರ ಮುಂದಿಡುತ್ತಾರೆ. ಜೈತುನ್‌ಬಿ ಸೆರಗು ಸೊಂಟಕ್ಕೆ ಬಿಗಿದು, ತಲೆಗೆ ಮೂಗಿಗೆ ಬಟ್ಟೆ ಸುತ್ತಿಕೊಂಡು ಹಗ್ಗವನ್ನು ಎಂಜಿನ್ನಿಗೆ ಸುತ್ತುತ್ತಾರೆ.

ಜೀವನದಲ್ಲಿ ಇನ್ನೇನು ಆಸೆ ಎಂದು ಕೇಳಿದರೆ ಚಮನ್‌ಸಾಬ್ ದಬ್ಬಳಕ್ಕೆ ದಾರ ಪೋಣಿಸುತ್ತಾ ಹೇಳುತ್ತಾರೆ, "ದೊಡ್ಡ ಆಸೆ ಏನಿಲ್ರಿ. ನಿದ್ದೆ ಒಂದಿನ ಬರ್ತೈತೆ, ಒಂದಿನ ಬರಲ್ಲ, ಅದು ಹೆಂಗೋ ನಡೀತೈತೆ. ಅವ್ಳು ಮಾತ್ರ ದಿನಾ ಕೇಳ್ಬೇಕು. ಅಷ್ಟೇ ಸಾಕು."

ಎಂಜಿನ್ ಮೊದಲ ಎಳೆತಕ್ಕೆ ಹತ್ತುವುದಿಲ್ಲ. ಜೈತುನ್‌ಬಿ ಹಗ್ಗವನ್ನು ಮತ್ತೆ ಸುತ್ತುತ್ತಾ, ಈ ಕಡೆ ತಿರುಗದೆಯೇ ಹೇಳುತ್ತಾರೆ, "ಕೇಳ್ದೆ ಎಲ್ಲಿಗೆ ಹೋಗ್ಲಿ?"